ಕಟಕಟೆಗೆ ಬಂದ ಮಾಜಿ ಸೈನಿಕ

ಅಪರಾಧ ಮಾಡಿ ಸಿಕ್ಕಿಬಿದ್ದ ಮಾಜಿ ಸೈನಿಕರಿಗೆಂದೇ ಅಮೆರಿಕದ ಬಫಲೋ ನಗರದಲ್ಲಿ 2008ರ ಜನವರಿಯಲ್ಲಿ ಒಂದು ಕೋರ್ಟು ಶುರುವಾಯಿತು. ಅಲಾಸ್ಕಾದ ಆಂಕರೇಜಿನಲ್ಲಿ 2004ರಲ್ಲೇ ಇಂಥ ಪ್ರಯತ್ನ ನಡೆದಿತ್ತಾದರೂ ದೇಶದ ಉದ್ದಗಲಕ್ಕೂ ಹಬ್ಬಿದ್ದು ಬಫಲೋದ ಮಾದರಿ. ಯೋಧರ ಮೇಲಿನ ಗೌರವದಿಂದ ಈ ಕೋರ್ಟುಗಳು ಹುಟ್ಟಿದವೆಂದು ಹೇಳುವುದು ಸುಲಭ. ಆದರೆ ಅವುಗಳ ಬೇರು ಇರುವುದು 1989ರಲ್ಲಿ ಮಯಾಮಿಯಲ್ಲಿ ಆರಂಭವಾದ ಮಾದಕವ್ಯಸನಿಗಳ ಕೋರ್ಟಿನಲ್ಲಿ. ಅವೇ ಮುಖಗಳು ಮತ್ತೆ ಮತ್ತೆ ಜೈಲಿಗೆ ಹೋಗಿ ಬರುವುದನ್ನು ನೋಡಿ ಬೇಸತ್ತವರು, ಆರೋಪಿಯನ್ನು ಚಿಕಿತ್ಸೆಗೆ ಹಚ್ಚಿ, ಆಗಾಗ ಕರೆಸಿ ವಿಚಾರಿಸುವ ಪದ್ಧತಿ ತಂದರು. ಬಫಲೋದ ನ್ಯಾಯಾಧೀಶ ರಾಬರ್ಟ್ ರಸೆಲ್ ಅಂಥ ಕೋರ್ಟನ್ನೂ ಮಾನಸಿಕ ಅಸ್ವಸ್ಥರ ಕೋರ್ಟನ್ನೂ ನಡೆಸುತ್ತಿದ್ದವರು. 2006ರಲ್ಲಿ ಅವರ ಮುಂದೆ ವಿಯೆಟ್ನಾಂ ಯುದ್ಧದಿಂದ ಮರಳಿದವನೊಬ್ಬ ಬಂದ. ತಲೆ ತಗ್ಗಿಸಿ ನಿಂತವನು ಏನು ಕೇಳಿದರೂ ಸರಿಯಾಗಿ ಬಾಯಿ ಬಿಡಲಿಲ್ಲ. ಅದೇ ಯುದ್ಧ ಕಂಡ ಇಬ್ಬರು ಸಿಬ್ಬಂದಿಯನ್ನು ರಸೆಲ್ ಅವನ ಜೊತೆ ಹೊರಗೆ ಕಳಿಸಿದರು. ಹಜಾರದಲ್ಲಿ ಒಂದಿಷ್ಟು ಹೊತ್ತು ಮಾತಾಡಿ ಒಳಬಂದವನು ಸಿಪಾಯಿಯ ಹಾಗೆ ನೆಟ್ಟಗೆ ನಿಂತು, ಇನ್ನು ಮೇಲೆ ಪ್ರಯತ್ನಪಡುತ್ತೇನೆ ಎಂದ. ಬಫಲೋ ಕೋರ್ಟಿನ ಜೀವಾಳವಾದ ಸ್ವಯಂಸೇವಕ ಮಾರ್ಗದರ್ಶಿಗಳ ವ್ಯವಸ್ಥೆ ಹೊಳೆದದ್ದು ಅಲ್ಲಿ. ಅಂದು ಕೆಲಸ ಮಾಡಿದ್ದು ಗೌರವವೂ ರಿಯಾಯಿತಿಯೂ ಅಲ್ಲ, ಒಂದೇ ಗಾಯ ತಿಂದವರ ಮಾತು.

ಈ ಕೋರ್ಟುಗಳನ್ನು ಸಮರ್ಥಿಸಬೇಕಾದ್ದು ಆ ಗಾಯದ ನೆಲೆಯಿಂದಲೇ. ಯುದ್ಧದ ಆಘಾತ ಮನಸ್ಸಿನಲ್ಲಿ ಉಳಿದು ಕಾಡುವುದನ್ನು ಅಮೆರಿಕದ ಮನೋವೈದ್ಯರ ಅಧಿಕೃತ ಕೈಪಿಡಿ ಕಾಯಿಲೆಯೆಂದು ಹೆಸರಿಟ್ಟು ಒಪ್ಪಿಕೊಂಡದ್ದು 1980ರಲ್ಲಿ, ಅಂದರೆ ವಿಯೆಟ್ನಾಂ ಯುದ್ಧ ಮುಗಿದು ಐದು ವರ್ಷವಾದ ಮೇಲೆ. ಅಷ್ಟರಲ್ಲಿ ಜೈಲುಗಳು ತುಂಬಿದ್ದವು: 1978ರಲ್ಲಿ ಕೈದಿಗಳಲ್ಲಿ ಶೇ. 24ರಷ್ಟು ಮಂದಿ ಮಾಜಿ ಸೈನಿಕರು. 2011-12ರ ಹೊತ್ತಿಗೆ ಅದು ಶೇ. 8ಕ್ಕೆ ಇಳಿದಿತ್ತು; ಜನಸಂಖ್ಯೆಗೆ ಹೋಲಿಸಿದರೆ ಅವರು ಇತರರಿಗಿಂತ ಕಡಿಮೆಯೇ ಜೈಲು ಸೇರುತ್ತಿದ್ದರು. ಹಾಗಿದ್ದರೆ ಪ್ರತ್ಯೇಕ ಕೋರ್ಟೇಕೆ ಎಂದು ಕೇಳಬಹುದು. ಸೈನ್ಯಕ್ಕೆ ಹೋದವರೆಲ್ಲ ಕೆಡುತ್ತಾರೆಂದು ಯಾರೂ ಹೇಳುತ್ತಿಲ್ಲ. ಕೆಟ್ಟವರಲ್ಲಿ ಹಲವರ ಕೇಡಿಗೆ ಸರ್ಕಾರವೇ ಕಳಿಸಿದ ಯುದ್ಧದ ನಂಟಿದೆ, ಅವರಿಗೆ ಚಿಕಿತ್ಸೆ ಕೊಡುವ ಸರ್ಕಾರಿ ಆಸ್ಪತ್ರೆಗಳೂ ಮೊದಲೇ ಇವೆ. ಕೋರ್ಟು ಆ ಆರೋಪಿಯನ್ನೂ ಆ ಚಿಕಿತ್ಸೆಯನ್ನೂ ಒಂದೇ ಕೊಠಡಿಗೆ ತಂದಿತು, ಅಷ್ಟೆ.

ಸಮಾನತೆಯ ಪ್ರಶ್ನೆ ಈ ಆಕ್ಷೇಪಕ್ಕಿಂತ ಗಟ್ಟಿಯಾದದ್ದು. ಬಡ ಕೇರಿಯಲ್ಲಿ ಗುಂಡಿನ ಸದ್ದು ಕೇಳುತ್ತಲೇ ಬೆಳೆದ ಹುಡುಗನಿಗೂ ಆಘಾತವಾಗಿರುತ್ತದೆ. ಅವನಿಗಿಲ್ಲದ ಸೌಲಭ್ಯ ಸಮವಸ್ತ್ರ ತೊಟ್ಟವನಿಗೇಕೆ? ಸೇವೆಗೆ ಬಹುಮಾನ ಎನ್ನುವವರ ಬಳಿ ಇದಕ್ಕೆ ಉತ್ತರವಿಲ್ಲ. ಯುದ್ಧಕ್ಕೆ ಕಳಿಸಿದ ಸರ್ಕಾರದ ಹೊಣೆಗಾರಿಕೆ ಎನ್ನುವವರ ಬಳಿ ಉತ್ತರವಿದೆ, ಅದೂ ಅರ್ಧ ಮಾತ್ರ: ಆ ಹುಡುಗನಿಗೂ ಇಂಥದೇ ಕೋರ್ಟು ಬೇಕು, ಸೈನಿಕನದನ್ನು ಕಿತ್ತುಕೊಂಡರೆ ಅವನಿಗೇನೂ ದಕ್ಕುವುದಿಲ್ಲ. ಈ ಕೋರ್ಟನ್ನು ಸುಲಭದ ದಾರಿ ಎನ್ನುವುದೂ ತಪ್ಪು. ಸಣ್ಣ ಕೇಸಿಗೆ ಕೆಲವು ವಾರ ಜೈಲಿನಲ್ಲಿ ಕಳೆದು ಮುಗಿಸಬಹುದಾದವನು ಇಲ್ಲಿ ಒಂದು ವರ್ಷಕ್ಕೂ ಮಿಕ್ಕಿ ಮೂತ್ರ ಪರೀಕ್ಷೆ, ಚಿಕಿತ್ಸೆ, ಹಾಜರಿ ಎಂದು ಓಡಾಡಬೇಕಾಗುತ್ತದೆ. ಹೆಂಡತಿಯನ್ನು ಹೊಡೆದವನ ವಿಷಯ ಮಾತ್ರ ತೊಡಕಿನದು. ಗಂಡನ ಯುದ್ಧದ ಕಥೆ ಅವಳ ದೂರನ್ನು ಮುಚ್ಚಿಹಾಕಬಾರದು.

ಅಮೆರಿಕದ ಸುಪ್ರೀಂ ಕೋರ್ಟು 2009ರ ಪೋರ್ಟರ್ ಪ್ರಕರಣದಲ್ಲಿ ಗೌರವಕ್ಕೂ ಗಾಯಕ್ಕೂ ಇರುವ ವ್ಯತ್ಯಾಸದ ಸೂಕ್ಷ್ಮವನ್ನು ಹಿಡಿದಿತ್ತು. ಕೊರಿಯಾದಲ್ಲಿ ಕಾದಾಡಿ ಗಾಯಗೊಂಡಿದ್ದ ಪೋರ್ಟರ್ ಕೊಲೆ ಮಾಡಿ ಮರಣದಂಡನೆಗೆ ಗುರಿಯಾಗಿದ್ದ. ಯುದ್ಧದ ಸಂಗತಿಯನ್ನು ವಕೀಲರು ಜ್ಯೂರಿಯ ಮುಂದೆ ಇಟ್ಟೇ ಇರಲಿಲ್ಲ. ಅವನು ಹೇಳದೆ ಕೇಳದೆ ಸೇನೆಯಿಂದ ತಪ್ಪಿಸಿಕೊಂಡಿದ್ದನೆಂಬ ಕಾರಣಕ್ಕೆ ಕೆಳಗಿನ ಕೋರ್ಟುಗಳು ಸೇವೆಯನ್ನೇ ಹಗುರ ಮಾಡಿದ್ದವು. ಅದನ್ನು ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಗೌರವದ ಜೊತೆಗೆ, ಕದನ ಅವನ ಮನಸ್ಸಿಗೆ ಮಾಡಿದ ಹಾನಿಯನ್ನೂ ಎಣಿಕೆಗೆ ತಂದುಕೊಳ್ಳಬೇಕೆಂದಿತು. ಇಷ್ಟಾದರೂ, ಕಳಂಕದ ಷರಾ ಬರೆಸಿಕೊಂಡು ಸೇನೆಯಿಂದ ಹೊರಬಿದ್ದವರನ್ನು ಮಾಜಿ ಸೈನಿಕರ ಹಲವು ಕೋರ್ಟುಗಳು ಸೇರಿಸಿಕೊಳ್ಳುವುದಿಲ್ಲ. ಕುಡಿತ, ಜಗಳ, ಗೈರುಹಾಜರಿಗೆ ಆ ಷರಾ ಬಿದ್ದಿದ್ದರೆ, ಅದು ಎಷ್ಟೋ ಸಲ ಕಾಯಿಲೆಯ ಮೊದಲ ಲಕ್ಷಣ. ಅರ್ಹತೆಯನ್ನು ತೀರ್ಮಾನಿಸಬೇಕಾದವರು ವೈದ್ಯರು, ಸೇನೆಯ ಗುಮಾಸ್ತರಲ್ಲ.