ಹೊರುವುದು, ಹಿಡಿಯುವುದು, ಅಡಗಿಸುವುದು: ರೈಲಿನ ಸ್ಪ್ರಿಂಗ್ ಬೆಳೆದ ಬಗೆ

ರೈಲಿಗೆ ಮೊದಲು ಸ್ಪ್ರಿಂಗ್ ಬೇಕೆನಿಸಿದ್ದು ಪ್ರಯಾಣಿಕರ ಬೆನ್ನು ಉಳಿಸಲು ಅಲ್ಲ, ಹಳಿ ಉಳಿಸಲು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಕಲ್ಲಿದ್ದಲು ಗಣಿಗಳಲ್ಲಿ ಹಾಸಿದ್ದ ಎರಕದ ಕಬ್ಬಿಣದ ಹಳಿಗಳು ಉಗಿ ಎಂಜಿನ್ನಿನ ಪೆಟ್ಟಿಗೆ ತುಂಡಾಗುತ್ತಿದ್ದವು. ಅಷ್ಟು ತೂಕ ತಾಳುವ ಉಕ್ಕಿನ ಸ್ಪ್ರಿಂಗನ್ನು ಮಾಡುವುದು ಆಗಿನ ಕುಲುಮೆಗಳಿಗೆ ಸಾಧ್ಯವಿರಲಿಲ್ಲ. 1816ರಲ್ಲಿ ಜಾರ್ಜ್ ಸ್ಟೀಫನ್‌ಸನ್ ಮತ್ತು ವಿಲಿಯಂ ಲಾಶ್ ಪೇಟೆಂಟ್ ಪಡೆದ ಉಪಾಯ ಇಂದಿಗೂ ಬೆರಗು ಹುಟ್ಟಿಸುತ್ತದೆ. ಬಾಯ್ಲರಿನ ತಳದಲ್ಲಿ ಸಣ್ಣ ಸಿಲಿಂಡರುಗಳನ್ನು ಕೂರಿಸಿ, ಒಳಗಿನ ಉಗಿಯೇ ಪಿಸ್ಟನ್ನುಗಳ ಮೂಲಕ ಆಕ್ಸಲ್ಲುಗಳನ್ನು ಕೆಳಕ್ಕೆ ಒತ್ತಿ ಹಿಡಿಯುವಂತೆ ಮಾಡಿದರು. ಎಂಜಿನ್ ತನ್ನದೇ ಉಗಿಯ ಮೇಲೆ ಕೂತು ಓಡಿತು. ಪಿಸ್ಟನ್ನುಗಳ ಸುತ್ತ ಉಗಿ ಸೋರುತ್ತಿತ್ತು. ಒಳ್ಳೆಯ ಉಕ್ಕು ಸಿಕ್ಕ ಕೂಡಲೇ ಈ ಉಪಾಯವನ್ನು ಕೈಬಿಟ್ಟರು. ಒತ್ತಡಕ್ಕೆ ಸಿಕ್ಕ ಗಾಳಿಯ ಮೇಲೆ ಗಾಡಿಯನ್ನು ಕೂರಿಸುವ ವಿಚಾರ ರೈಲ್ವೆಯಲ್ಲಿ ಬೇರೂರಲು ಮತ್ತೆ ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.

ಉಗಿಯ ಜಾಗಕ್ಕೆ ಬಂದದ್ದು ಲೀಫ್ ಸ್ಪ್ರಿಂಗ್. ಕುದುರೆ ಸಾರೋಟುಗಳಿಂದ ರೈಲಿಗೆ ಇಳಿದುಬಂದ ಈ ಉಕ್ಕಿನ ಪಟ್ಟಿಗಳ ಕಟ್ಟನ್ನು ಇಂದಿಗೂ ಲಾರಿಗಳ ಹಿಂದಿನ ಚಕ್ರದ ಬಳಿ ನೋಡಬಹುದು. ಇದು ಒಂದೇ ಸಲಕ್ಕೆ ಮೂರು ಕೆಲಸ ಮಾಡುತ್ತದೆ. ತೂಕ ಹೊರುತ್ತದೆ, ಆಕ್ಸಲ್ ಅತ್ತಿತ್ತ ಸರಿಯದಂತೆ ಹಿಡಿಯುತ್ತದೆ, ಪಟ್ಟಿಗಳು ಒಂದಕ್ಕೊಂದು ಉಜ್ಜಿ ಕುಲುಕಾಟವನ್ನು ಅಡಗಿಸುತ್ತವೆ. ರೈಲಿನ ಓಟ ಮೃದುವಾದದ್ದು ಸ್ಪ್ರಿಂಗುಗಳು ಮೆತ್ತಗಾದದ್ದರಿಂದ ಎಂದು ಸಾಮಾನ್ಯವಾಗಿ ಅಂದುಕೊಳ್ಳುತ್ತೇವೆ. ಈ ಮೂರೂ ಕೆಲಸಗಳನ್ನು ಒಂದೊಂದಾಗಿ ಬಿಡಿಸಿ ಬೇರೆ ಬೇರೆ ಭಾಗಗಳಿಗೆ ವಹಿಸಿಕೊಟ್ಟದ್ದರಿಂದ ಎಂಬುದು ನನ್ನ ಓದು.

ಒಟ್ಟಿಗಿದ್ದರೆ ಏನು ತೊಂದರೆ? ಲೀಫ್ ಸ್ಪ್ರಿಂಗಿನ ಪಟ್ಟಿಗಳು ಒಂದರ ಮೇಲೊಂದು ಜಾರಬೇಕಾದರೆ ಮೊದಲು ಅವುಗಳ ನಡುವಿನ ಘರ್ಷಣೆ ಸೋಲಬೇಕು. ಸಣ್ಣ ಸಣ್ಣ ಪೆಟ್ಟುಗಳಿಗೆ ಅಷ್ಟು ಬಲ ಇರುವುದಿಲ್ಲ. ಆಗ ಇಡೀ ಕಟ್ಟು ಒಂದೇ ಗಟ್ಟಿ ಕಬ್ಬಿಣದ ತೊಲೆಯಾಗಿ ನಿಂತು ಹಳಿಯ ಗಡಗಡವನ್ನು ನೇರ ಸೀಟಿಗೆ ದಾಟಿಸುತ್ತದೆ. ಪಟ್ಟಿಗಳ ನಡುವೆ ತುಕ್ಕು ಹಿಡಿದರೆ ಇನ್ನೂ ಕಷ್ಟ.

ಇನ್ನೊಂದು ತೊಂದರೆಯನ್ನು ಲೆಕ್ಕದಿಂದ ನೋಡಬೇಕು. ತೂಕ ಬಿದ್ದಾಗ ಸ್ಪ್ರಿಂಗ್ ಎಷ್ಟು ಇಳಿಯುತ್ತದೆ ಎಂಬುದೊಂದು ಗೊತ್ತಾದರೆ ಗಾಡಿ ಸೆಕೆಂಡಿಗೆ ಎಷ್ಟು ಸಲ ಮೇಲೆ ಕೆಳಗೆ ಆಡುತ್ತದೆ ಎಂದು ಹೇಳಬಹುದು. 6 ಸೆಂಟಿಮೀಟರ್ ಇಳಿದರೆ ಸುಮಾರು ಎರಡು ಸಲ, 25 ಸೆಂಟಿಮೀಟರ್ ಇಳಿದರೆ ಒಂದು ಸಲ. ನಮ್ಮ ಬ್ರಾಡ್‌ಗೇಜಿನ ಹಳಿಗಳು 13 ಮೀಟರ್ ಉದ್ದದವು. ಫಿಶ್‌ಪ್ಲೇಟ್ ಹಾಕಿ ಜೋಡಿಸಿದ್ದ ಕಾಲದಲ್ಲಿ ಗಂಟೆಗೆ 94 ಕಿ.ಮೀ. ವೇಗದಲ್ಲಿ ಹೋಗುವ ಗಾಡಿಗೆ ಸೆಕೆಂಡಿಗೆ ಎರಡು ಪೆಟ್ಟು. ಗಾಡಿಯ ಸ್ವಂತ ಲಯವೂ ಎರಡೇ ಆಗಿದ್ದರೆ ಪ್ರತಿ ಪೆಟ್ಟೂ ಹಿಂದಿನದಕ್ಕೆ ಕೂಡಿಕೊಂಡು ಕುಲುಕಾಟ ಏರುತ್ತಲೇ ಹೋಗುತ್ತದೆ. ಕೂತವರ ಮೈಗೆ ಮೇಲೆ ಕೆಳಗಿನ ಅಲುಗಾಟ ಅತಿ ಹೆಚ್ಚು ಕಾಡುವುದು ಸೆಕೆಂಡಿಗೆ ನಾಲ್ಕರಿಂದ ಎಂಟು ಸಲ ಇದ್ದಾಗ. ಅಲ್ಲಿಂದ ಆದಷ್ಟು ದೂರ, ಒಂದರ ಹತ್ತಿರ ಬರಬೇಕೆಂಬುದೇ ವಿನ್ಯಾಸಕಾರರ ಆಸೆಯಾಯಿತು.

ಮೊದಲ ದೊಡ್ಡ ಹೆಜ್ಜೆ ಇಟ್ಟದ್ದು ಅಮೆರಿಕ. ಅದೂ ಅಲ್ಲಿನ ಹಳಿ ಕೆಟ್ಟದಾಗಿದ್ದುದರಿಂದ. ಬ್ರಿಟಿಷರ ಹಾಗೆ ದುಡ್ಡು ಸುರಿದು ನೇರವಾದ, ಗಟ್ಟಿಯಾದ ದಾರಿ ಹಾಕಲು ಅವರಿಂದಾಗಲಿಲ್ಲ. 1832ರಲ್ಲಿ ಜಾನ್ ಜರ್ವಿಸ್ ಎಂಜಿನ್ನಿನ ಮುಂಭಾಗವನ್ನು ತಾನೇ ತಿರುಗುವ ನಾಲ್ಕು ಚಕ್ರಗಳ ಚೌಕಟ್ಟಿನ ಮೇಲಿಟ್ಟರು. ಅದೇ ಸುಮಾರಿಗೆ ಬಾಲ್ಟಿಮೋರ್ ಮತ್ತು ಓಹಾಯೊ ರೈಲ್ವೆಯಲ್ಲಿ ರಾಸ್ ವೈನನ್ಸ್ ಎಂಟು ಚಕ್ರದ ಕೋಚುಗಳನ್ನು ತಂದರು. ಈ ಚೌಕಟ್ಟಿನ ಹೆಸರು ಬೋಗಿ. ನಾವು ಇಡೀ ಡಬ್ಬಿಯನ್ನೇ ಹಾಗೆ ಕರೆದರೂ ಈ ಲೇಖನದಲ್ಲಿ ಬೋಗಿ ಎಂದರೆ ಡಬ್ಬಿಯ ಅಡಿಯ ಚಕ್ರಗಳ ಚೌಕಟ್ಟು ಮಾತ್ರ. ಎರಡು ಆಕ್ಸಲ್ಲುಗಳಲ್ಲಿ ಒಂದು ಒಂದು ಸೆಂಟಿಮೀಟರ್ ಎದ್ದರೆ ಬೋಗಿಯ ನಡುಭಾಗ ಏಳುವುದು ಅರ್ಧ ಸೆಂಟಿಮೀಟರ್. ಸ್ಪ್ರಿಂಗಿನ ಹಂಗಿಲ್ಲದೆ, ಬರೀ ಜೋಡಣೆಯಿಂದಲೇ ಪೆಟ್ಟು ಅರ್ಧಕ್ಕಿಳಿಯಿತು. ಆ ಬಳಿಕ ಡಬ್ಬಿಯನ್ನು ಹೊರುವ ಅಡ್ಡತೊಲೆಯನ್ನು ಕೊಂಡಿಗಳಿಂದ ತೂಗುಹಾಕಿ, ಪಕ್ಕದ ತಳ್ಳಾಟಕ್ಕೂ ಅಷ್ಟಿಷ್ಟು ಸಡಿಲ ಕೊಟ್ಟರು. ಬ್ರಿಟನ್ ಬಹಳ ಕಾಲ ಇದನ್ನೆಲ್ಲ ದೂರವೇ ಇಟ್ಟಿತ್ತು. 1874ರಲ್ಲಿ ಮಿಡ್‌ಲ್ಯಾಂಡ್ ರೈಲ್ವೆ ಅಮೆರಿಕದಿಂದ ಪುಲ್‌ಮನ್ ಕೋಚುಗಳನ್ನು ತರಿಸಿಕೊಂಡ ಮೇಲೆ ಅಲ್ಲಿಯೂ ಮನಸ್ಸು ಬದಲಾಯಿತು.

ಹೊರುವ ಕೆಲಸವನ್ನು ಅಡಗಿಸುವ ಕೆಲಸದಿಂದ ಬಿಡಿಸಿದ್ದು ಕಾಯಿಲ್ ಸ್ಪ್ರಿಂಗ್. ಅದರಲ್ಲಿ ಉಜ್ಜುವ ಭಾಗವೇ ಇಲ್ಲ. ಎಷ್ಟು ಸಣ್ಣ ಪೆಟ್ಟಿಗೂ ಬಾಗುತ್ತದೆ, ಆದರೆ ಆಡತೊಡಗಿದರೆ ತಾನಾಗಿ ನಿಲ್ಲುವುದಿಲ್ಲ. ಹಾಗಾಗಿ ಪಕ್ಕದಲ್ಲೊಂದು ಎಣ್ಣೆಯ ಡ್ಯಾಂಪರ್ ಬೇಕೇ ಬೇಕು. ಇದರ ಒಳ್ಳೆಯ ಉದಾಹರಣೆ ನಮ್ಮಲ್ಲೇ ಇದೆ. 1949ರಲ್ಲಿ ಸ್ವಿಟ್ಜರ್ಲೆಂಡಿನ ಶ್ಲೀರನ್ ಕಂಪನಿಯೊಂದಿಗೆ ಒಪ್ಪಂದವಾಗಿ, 1955ರಲ್ಲಿ ಚೆನ್ನೈನ ಪೆರಂಬೂರಿನಲ್ಲಿ ಐಸಿಎಫ್ ಕಾರ್ಖಾನೆ ಶುರುವಾಯಿತು. ಆರು ದಶಕ ಇಡೀ ದೇಶ ಕೂತು, ನಿಂತು, ಮಲಗಿ ಪ್ರಯಾಣ ಮಾಡಿದ್ದು ಬಹುಮಟ್ಟಿಗೆ ಆ ಸ್ವಿಸ್ ಬೋಗಿಯ ಮೇಲೆ.

ಈ ಬೋಗಿಯನ್ನು ಹತ್ತಿರದಿಂದ ನೋಡಬೇಕು. ಪ್ರತಿ ಆಕ್ಸಲ್ ಬಾಕ್ಸಿನ ಎರಡೂ ಬದಿಯಲ್ಲಿ ಒಂದೊಂದು ಕಾಯಿಲ್ ಸ್ಪ್ರಿಂಗ್. ಅದರ ಹೊಟ್ಟೆಯೊಳಗೆ ಚೌಕಟ್ಟಿನಿಂದ ಇಳಿದ ಒಂದು ಗೈಡ್, ಕೆಳಗೆ ಸುಮಾರು ಒಂದೂವರೆ ಲೀಟರ್ ಎಣ್ಣೆ ತುಂಬಿದ ಡ್ಯಾಶ್‌ಪಾಟ್. ಗೈಡ್ ಎಣ್ಣೆಯಲ್ಲಿ ಏರಿಳಿದಾಗ ಕುಲುಕಾಟ ಅಡಗುತ್ತದೆ. ಸೀಲು ಸವೆದು ಎಣ್ಣೆ ಸೋರಿದರೆ ಸ್ಪ್ರಿಂಗ್ ಸರಿಯಿದ್ದೂ ಡಬ್ಬಿ ಕುಣಿಯುತ್ತದೆ. ಮೇಲಿನ ಅಂತಸ್ತಿನ ಸ್ಪ್ರಿಂಗುಗಳು ಕೊಂಡಿಗಳಲ್ಲಿ ತೂಗುವ ತೊಲೆಯ ಮೇಲೆ ಕೂತಿವೆ. ಡಬ್ಬಿಯ ತೂಕ ಬೀಳುವುದು ನಡುವಿನ ಪಿವಟ್ಟಿನ ಮೇಲೆ ಅಲ್ಲ, 1600 ಮಿ.ಮೀ. ಅಂತರದಲ್ಲಿ ಎಣ್ಣೆಯಲ್ಲಿ ಮುಳುಗಿರುವ ಎರಡು ಸೈಡ್ ಬೇರರುಗಳ ಮೇಲೆ. ಹೊಸ ಚಕ್ರದ ವ್ಯಾಸ 915 ಮಿ.ಮೀ., ತೆಗೆದುಹಾಕುವ ಹೊತ್ತಿಗೆ ಅದಕ್ಕಿಂತ ಎಷ್ಟೋ ಕಡಿಮೆ. ಚಕ್ರ ಚಿಕ್ಕದಾದಂತೆ ಡಬ್ಬಿಯೂ ತಗ್ಗುವುದರಿಂದ ವರ್ಕ್‌ಶಾಪಿನವರು ಸ್ಪ್ರಿಂಗಿನ ಕೆಳಗೆ 13, 26, 38, ಕೊನೆಗೆ 48 ಮಿ.ಮೀ. ಪ್ಯಾಕಿಂಗ್ ರಿಂಗುಗಳನ್ನು ಇಡುತ್ತಾರೆ. ಹುಬ್ಬಳ್ಳಿ, ಮೈಸೂರು ವರ್ಕ್‌ಶಾಪುಗಳಲ್ಲಿ ಕೋಚುಗಳ ಕೂಲಂಕಷ ದುರಸ್ತಿ ಎಂದರೆ ಅದರಲ್ಲಿ ಬಹುಪಾಲು ಈ ಬಗೆಯ ಕೆಲಸ. ಎಕ್ಸ್‌ಪ್ರೆಸ್ ಗಾಡಿಯ ಸುಖ ಇಂಥ ಕೈಗಳ ಮೇಲೆ ನಿಂತಿದೆ ಎಂಬುದನ್ನು ನಾವು ಸಾಕಷ್ಟು ನೆನೆಯುವುದಿಲ್ಲ.

ಹಿಡಿಯುವ ಕೆಲಸ ಮಾತ್ರ ಎಲ್ಲರನ್ನೂ ದೀರ್ಘಕಾಲ ಸತಾಯಿಸಿತು. ರೈಲಿನ ಚಕ್ರದ ಮೈ ಸಪಾಟಲ್ಲ, ಸ್ವಲ್ಪ ಓರೆ. ಒಂದೇ ಆಕ್ಸಲ್ಲಿಗೆ ಬಿಗಿದ ಎರಡು ಚಕ್ರಗಳು ತಿರುವಿನಲ್ಲಿ ದಾರಿ ಹಿಡಿಯುವುದು ಈ ಓರೆಯಿಂದಲೇ. ಆದರೆ ನೇರ ಹಳಿಯಲ್ಲಿ ಅದೇ ಓರೆ ಜೋಡಿಯನ್ನು ಎಡಕ್ಕೂ ಬಲಕ್ಕೂ ಓಲಾಡಿಸುತ್ತದೆ. 1883ರಲ್ಲಿ ಜರ್ಮನಿಯ ಕ್ಲಿಂಗೆಲ್ ಈ ಓಲಾಟದ ಅಲೆಯ ಉದ್ದಕ್ಕೆ ಸೂತ್ರ ಕೊಟ್ಟರು. ನಮ್ಮ ಬ್ರಾಡ್‌ಗೇಜಿನ ಚಕ್ರ, 20ಕ್ಕೆ 1ರ ಓರೆ ಎಂದು ಹಿಡಿದರೆ ಬಿಡಿ ಜೋಡಿಯೊಂದರ ಅಲೆ ಸುಮಾರು 18 ಮೀಟರ್. ಚಕ್ರ ಸವೆದು ಓರೆ ನಾಲ್ಕು ಪಟ್ಟಾದರೆ ಅಲೆ ಅರ್ಧಕ್ಕಿಳಿಯುತ್ತದೆ. ಅಂದರೆ ಅದೇ ವೇಗದಲ್ಲಿ ಓಲಾಟ ಇಮ್ಮಡಿ ಚುರುಕು. ಒಂದು ಮಿತಿ ದಾಟಿದ ವೇಗದಲ್ಲಿ ಇದು ತಾನಾಗಿ ಬೆಳೆಯತೊಡಗುತ್ತದೆ. 1955ರ ಮಾರ್ಚಿನಲ್ಲಿ ಫ್ರಾನ್ಸಿನ ವಿದ್ಯುತ್ ಎಂಜಿನ್ ಗಂಟೆಗೆ 331 ಕಿ.ಮೀ. ದಾಖಲೆ ಬರೆಯಿತು. ಅದು ದಾಟಿ ಹೋದ ಮೇಲೆ ಹಳಿ ಹಾವಿನಂತೆ ಸೊಟ್ಟಗಾಗಿತ್ತು. ಆ ಚಿತ್ರಗಳನ್ನು ಬಹುಕಾಲ ಹೊರಗೆ ಬಿಡಲಿಲ್ಲ.

ಈ ಒಗಟನ್ನು ಬಿಡಿಸಿದವರು ರೈಲ್ವೆಯವರಲ್ಲ, ವಿಮಾನದವರು. ಜಪಾನಿನ ತದಾಶಿ ಮಾತ್ಸುದೈರಾ ಯುದ್ಧಕಾಲದಲ್ಲಿ ನೌಕಾಪಡೆಯ ಝೀರೋ ವಿಮಾನದ ರೆಕ್ಕೆಗಳ ಕಂಪನವನ್ನು ಅಧ್ಯಯನ ಮಾಡಿದವರು. ಯುದ್ಧ ಮುಗಿದು ವಿಮಾನ ಕಟ್ಟುವುದು ನಿಂತಾಗ ರೈಲ್ವೆ ಸಂಶೋಧನಾ ಸಂಸ್ಥೆ ಸೇರಿದರು. ಅಲುಗಾಟಕ್ಕೆಲ್ಲ ಹಳಿಯ ಏರುತಗ್ಗೇ ಕಾರಣ ಎಂದು ಹಿರಿಯ ರೈಲ್ವೆ ಎಂಜಿನಿಯರುಗಳು ವಾದಿಸುತ್ತಿದ್ದರು. ಹಳಿ ಎಷ್ಟೇ ನೆಟ್ಟಗಿದ್ದರೂ ಗಾಡಿ ತನ್ನ ಓಟದ ಶಕ್ತಿಯನ್ನೇ ಉಂಡು ಓಲಾಡಬಲ್ಲದು, ರೆಕ್ಕೆ ಗಾಳಿಯ ಶಕ್ತಿಯನ್ನು ಉಂಡು ಅದುರುವಂತೆ, ಎಂದು ಮಾತ್ಸುದೈರಾ ಹೇಳಿದರು. ಮಾದರಿಗಳನ್ನು ಉರುಳೆಗಳ ಮೇಲೆ ಓಡಿಸಿ ಅದನ್ನು ತೋರಿಸಿಕೊಟ್ಟರು. ಹಾಗಾದರೆ ಮದ್ದು ಇರುವುದು ಆಕ್ಸಲ್ಲನ್ನು ಎಷ್ಟು ಬಿಗಿಯಾಗಿ ಹಿಡಿಯಬೇಕು, ಬೋಗಿಯ ತಿರುಗಾಟವನ್ನು ಎಷ್ಟು ತಡೆಯಬೇಕು ಎಂಬ ಲೆಕ್ಕದಲ್ಲಿ. 1964ರ ಅಕ್ಟೋಬರ್ 1ರಂದು ಗಂಟೆಗೆ 210 ಕಿ.ಮೀ. ಗರಿಷ್ಠ ವೇಗದೊಂದಿಗೆ ಶುರುವಾದ ಶಿಂಕಾನ್‌ಸೆನ್‌ನ ಬೋಗಿಯಲ್ಲಿ ಆ ಲೆಕ್ಕ ಕಾಣುತ್ತದೆ. ಆಕ್ಸಲ್ ಬಾಕ್ಸನ್ನು ಹಿಂದೆ ಮುಂದೆ ರಬ್ಬರ್ ತೊಡಿಸಿದ ಲೀಫ್ ಸ್ಪ್ರಿಂಗುಗಳು ಹಿಡಿದಿವೆ. ಹಳೆಯ ಪಟ್ಟಿ ಮರಳಿ ಬಂತು, ಆದರೆ ಈ ಸಲ ಹಿಡಿಯುವುದಷ್ಟೇ ಅದರ ಕೆಲಸ; ಹೊರಲು ಕಾಯಿಲ್ ಮತ್ತು ಗಾಳಿ, ಅಡಗಿಸಲು ಎಣ್ಣೆ. ಈ ಇಡೀ ಚರಿತ್ರೆಯಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ ಇದು. ಬ್ರಿಟನ್ನಿನ ಡರ್ಬಿಯಲ್ಲಿ 1960ರ ದಶಕದಲ್ಲಿ ಇದೇ ಗಣಿತವನ್ನು ಇನ್ನಷ್ಟು ಆಳಕ್ಕೆ ಒಯ್ದ ಅಲನ್ ವಿಕೆನ್ಸ್ ಕೂಡ ವಿಮಾನ ಉದ್ಯಮದಿಂದ ಬಂದವರೇ.

ಗಾಳಿ ಸ್ಪ್ರಿಂಗ್ ಏಕೆ ಬೇಕಾಯಿತು ಎಂಬುದಕ್ಕೆ ಡಬ್ಬಿಗಳು ಒಂದಕ್ಕೊಂದು ತಾಗುವೆಡೆಯ ಬಫರ್ ಉತ್ತರ ಕೊಡುತ್ತದೆ. ನಮ್ಮ ಬ್ರಾಡ್‌ಗೇಜಿನಲ್ಲಿ ಬಫರಿನ ಎತ್ತರ 1105 ಮಿ.ಮೀ. ಮೀರಬಾರದು, 1030ಕ್ಕಿಂತ ಇಳಿಯಬಾರದು. ಇರುವ ಅವಕಾಶ ಏಳೂವರೆ ಸೆಂಟಿಮೀಟರ್. 25 ಸೆಂಟಿಮೀಟರ್ ಇಳಿಯುವಷ್ಟು ಮೆತ್ತಗಿನ ಉಕ್ಕಿನ ಸ್ಪ್ರಿಂಗ್ ಹಾಕಿದ ಡಬ್ಬಿಗೆ ಅದರ ತೂಕದ ಕಾಲು ಭಾಗದಷ್ಟು ಜನ ಹತ್ತಿದರೆ ಆರು ಸೆಂಟಿಮೀಟರಿಗೂ ಹೆಚ್ಚು ತಗ್ಗುತ್ತದೆ. ಚಕ್ರದ ಸವೆತಕ್ಕೆ ಜಾಗವೇ ಉಳಿಯುವುದಿಲ್ಲ. ರಬ್ಬರ್ ಚೀಲದೊಳಗಿನ ಗಾಳಿಗೆ ಈ ಕಟ್ಟಿಲ್ಲ. ಜನ ಹತ್ತಿ ಡಬ್ಬಿ ತಗ್ಗಿದ ಕೂಡಲೇ ಲೆವೆಲಿಂಗ್ ವಾಲ್ವ್ ತೆರೆದು ಇನ್ನಷ್ಟು ಗಾಳಿ ಬಿಡುತ್ತದೆ, ಇಳಿದರೆ ಹೊರಹಾಕುತ್ತದೆ. ಎತ್ತರವೂ ನಿಂತಿತು, ಮೃದುತ್ವವೂ ಉಳಿಯಿತು. ಜನ ತುಂಬಿ ಖಾಲಿಯಾಗುತ್ತಲೇ ಇರುವ ಮೆಟ್ರೊಗಳಲ್ಲಿ ಇದು ಮೊದಲ ಆಯ್ಕೆಯಾದದ್ದು ಸಹಜ. 2011ರಲ್ಲಿ ಓಡತೊಡಗಿದ ಬೆಂಗಳೂರಿನ ನಮ್ಮ ಮೆಟ್ರೊ ಕೂಡ ಗಾಳಿಯ ಮೇಲೆಯೇ ಕೂತಿದೆ. ಸ್ಪೇನಿನ ಟಾಲ್ಗೊ 1980ರಲ್ಲಿ ಗಾಳಿ ಸ್ಪ್ರಿಂಗುಗಳನ್ನು ಚಾವಣಿಯ ಹತ್ತಿರಕ್ಕೆ ಎತ್ತಿ, ತಿರುವಿನಲ್ಲಿ ಡಬ್ಬಿ ಯಾವ ಮೋಟಾರಿಲ್ಲದೆ ತಾನೇ ಒಳಕ್ಕೆ ವಾಲುವಂತೆ ಮಾಡಿತು.

ನಮ್ಮಲ್ಲಿ ಮುಂದಿನ ಹೆಜ್ಜೆ ಎಲ್‌ಎಚ್‌ಬಿ. 1995ರ ಒಪ್ಪಂದದ ಮೇಲೆ ಜರ್ಮನಿಯಿಂದ ಬಂದ ಕೋಚುಗಳು 2000ದಲ್ಲಿ ದೆಹಲಿ–ಲಖನೌ ಶತಾಬ್ದಿಯಾಗಿ ಓಡಿದವು. ಅವುಗಳ ಫಿಯಟ್ ಬೋಗಿಯಲ್ಲಿ ಐಸಿಎಫ್‌ನ ಗೈಡ್, ಡ್ಯಾಶ್‌ಪಾಟ್, ತೂಗುಕೊಂಡಿ ಯಾವುದೂ ಇಲ್ಲ. ಆಕ್ಸಲ್ಲನ್ನು ರಬ್ಬರ್ ಕೀಲಿನ ತೋಳು ಹಿಡಿಯುತ್ತದೆ, ಮೇಲಿನ ಕಾಯಿಲ್ ಪಕ್ಕಕ್ಕೂ ಬಾಗುತ್ತದೆ, ಬೋಗಿಯ ತಿರುಗಾಟವನ್ನು ‘ಯಾ’ (yaw) ಡ್ಯಾಂಪರುಗಳು ತಡೆಯುತ್ತವೆ. ಉಜ್ಜಿ ಸವೆಯುವ ಭಾಗಗಳು ತೀರ ಕಡಿಮೆ. ಓಟದ ಸುಖವನ್ನು ಅಳೆಯಲು 1940ರ ದಶಕದಲ್ಲಿ ಜರ್ಮನಿಯ ಸ್ಪೆರ್ಲಿಂಗ್ ರೂಪಿಸಿದ ರೈಡ್ ಇಂಡೆಕ್ಸಿನಲ್ಲಿ ಹಳೆಯ ಕೋಚಿಗೆ 3.25, ಎಲ್‌ಎಚ್‌ಬಿಗೆ 2.5ರಿಂದ 2.75 ಎನ್ನುತ್ತಾರೆ. ಅಂತರ ಅಲ್ಪವೆನಿಸುತ್ತದೆ. ಆದರೆ ಆ ಸೂತ್ರದಲ್ಲಿ ಅಂಕ ಅಲುಗಾಟಕ್ಕಿಂತ ಬಹಳ ನಿಧಾನವಾಗಿ ಏರುವುದರಿಂದ, ಉಳಿದದ್ದೆಲ್ಲ ಒಂದೇ ಇದ್ದಾಗ 2.5ಕ್ಕೂ 3.25ಕ್ಕೂ ನಡುವೆ ಅಲುಗಾಟದ ವ್ಯತ್ಯಾಸ ಎರಡು ಪಟ್ಟಿಗೂ ಮೀರಿದ್ದು. ಎಲ್‌ಎಚ್‌ಬಿಯಲ್ಲಿ ಹೊರಡುವಾಗ ನಿಲ್ಲುವಾಗ ಬೆನ್ನಿಗೆ ಬಡಿಯುತ್ತಿದ್ದ ಜರ್ಕಿಗೆ ಬೋಗಿ ಕಾರಣವಲ್ಲ. ಅದು ಡಬ್ಬಿಗಳನ್ನು ಜೋಡಿಸುವ ಕಪ್ಲರಿನ ದೋಷ, ಅದಕ್ಕೆ ಬೇರೆ ಚಿಕಿತ್ಸೆ ಬೇಕಾಯಿತು. 2018ರ ಜನವರಿಯಲ್ಲಿ ಐಸಿಎಫ್ ತನ್ನ ಹಳೆಯ ಮಾದರಿಯ ಕೊನೆಯ ಕೋಚನ್ನು ಹೊರಕಳುಹಿಸಿತು.

ಈಗ ಜಪಾನಿನಲ್ಲಿ ನಾಲ್ಕನೆಯ ಕೆಲಸವೊಂದು ಹುಟ್ಟಿಕೊಂಡಿದೆ. 2011ರ ಇ5 ಶಿಂಕಾನ್‌ಸೆನ್‌ನಲ್ಲಿ ಸೆನ್ಸರುಗಳು ಅಳೆದ ಓಲಾಟಕ್ಕೆ ಎದುರಾಗಿ ಡಬ್ಬಿಯನ್ನು ತಳ್ಳಲಾಗುತ್ತದೆ. ಅಡಗಿಸುವುದರ ಬದಲು ಇದಿರಿಸುವುದು. ಆದರೆ ಭಾರತದಲ್ಲಿ ಹಣ ಮತ್ತು ಗಮನ ಮೊದಲು ಹೋಗಬೇಕಾದದ್ದು ಅತ್ತ ಅಲ್ಲ ಎಂದು ನನಗೆ ಗಟ್ಟಿಯಾಗಿ ಅನಿಸುತ್ತದೆ. ಬೆಂಗಳೂರಿನ ಬಿಇಎಂಎಲ್ ಕಟ್ಟಿದ ವಂದೇ ಭಾರತ್ ಸ್ಲೀಪರನ್ನು 2025ರ ಜನವರಿಯಲ್ಲಿ ಕೋಟಾ ವಿಭಾಗದಲ್ಲಿ 180 ಕಿ.ಮೀ. ವೇಗದಲ್ಲಿ ಓಡಿಸಿ, ತುಂಬಿದ ನೀರಿನ ಲೋಟ ತುಳುಕದ್ದನ್ನು ತೋರಿಸಿದರು. ಸಂತೋಷದ ವಿಷಯ. ಆದರೆ ಅದು ಹೊಸ ಚಕ್ರ, ಹೊಸ ರಬ್ಬರ್, ಹೊಸ ಡ್ಯಾಂಪರಿನ ಫಲಿತಾಂಶ. ಮಲಗಿದವರ ಮೈ ಅಲುಗಾಟವನ್ನು ಕೂತವರಿಗಿಂತ ಬೇರೆ ದಿಕ್ಕಿನಿಂದ ಪಡೆಯುತ್ತದೆ. ಚಕ್ರದ ಓರೆ ಸವೆತದೊಂದಿಗೆ ಬದಲಾಗುತ್ತಲೇ ಹೋಗುತ್ತದೆ. ಚಕ್ರ ಮತ್ತೆ ಲೇಥಿಗೆ ಹೋಗಬೇಕಾದ ಹೊತ್ತಿನಲ್ಲಿ, ಅದೇ ಗಾಡಿಯ ಮೇಲಿನ ಬರ್ತಿನಲ್ಲಿ ಮಾಪಕವಿಟ್ಟು ರೈಡ್ ಇಂಡೆಕ್ಸ್ ತೆಗೆದು, ಅದನ್ನೂ ಜನರ ಮುಂದಿಡಬೇಕು. ವಂದೇ ಭಾರತ್ ಒಂದಕ್ಕೇ ಅಲ್ಲ, ಎಕ್ಸ್‌ಪ್ರೆಸ್ಸುಗಳ ಕೊನೆಯಲ್ಲಿ ಜೋಡಿಸುವ ಜನರಲ್ ಡಬ್ಬಿಗಳಿಗೂ.