ಕ್ಯಾಂಪ್

ಕ್ಯಾಂಪ್: ತಾತ್ಕಾಲಿಕ ಬಿಡಾರ ಎಂಬ ಅರ್ಥದ ಇಂಗ್ಲಿಷ್ ಪದ. ತುಂಗಭದ್ರಾ ಅಚ್ಚುಕಟ್ಟಿನ ಕಂಪ್ಲಿ, ಗಂಗಾವತಿ, ಸಿಂಧನೂರು ಕಡೆಯ ಕನ್ನಡದಲ್ಲಿ ನೀರಾವರಿ ಬಂದ ಮೇಲೆ ಹುಟ್ಟಿಕೊಂಡ ರೈತರ ಊರು. ಪದದ ಬೇರು ಲ್ಯಾಟಿನ್ನಿನ ‘ಕಾಂಪುಸ್’, ಎಂದರೆ ಬಯಲು. ರೋಮಿನ ‘ಕಾಂಪುಸ್ ಮಾರ್ಟಿಯುಸ್’ ಬಯಲು ಸೈನಿಕರ ಕವಾಯತಿನ ಜಾಗವಾಗಿತ್ತು. ಇಟಾಲಿಯನ್, ಫ್ರೆಂಚ್ ಭಾಷೆಗಳನ್ನು ಹಾದು 16ನೆಯ ಶತಮಾನದಲ್ಲಿ ಇಂಗ್ಲಿಷಿಗೆ ಬರುವಷ್ಟರಲ್ಲಿ ಬಯಲು ಮರೆಯಾಗಿ ದಂಡಿನ ಬೀಡು ಎಂಬ ಅರ್ಥ ನಿಂತಿತ್ತು. ಕ್ಯಾಂಪೇನ್, ಚಾಂಪಿಯನ್, ಕ್ಯಾಂಪಸ್ ಇದೇ ಬಳ್ಳಿಯ ಕುಡಿಗಳು. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಆವರಣವನ್ನು ಕ್ಯಾಂಪಸ್ ಎನ್ನುವಾಗ ನಾವು ಆಡುವುದೂ ಆ ಬಯಲಿನ ಹೆಸರನ್ನೇ. ದನಿ ಹತ್ತಿರವಾದರೂ ಕಂಪ್ಲಿಗೆ ಈ ನಂಟಿಲ್ಲ. ‘ಕಂಪಿಲಿ’ ಎಂಬ ಹೆಸರು 11ನೆಯ ಶತಮಾನದ ಚೋಳ ಶಾಸನಗಳಲ್ಲೇ ಇದೆ.

1953ರಲ್ಲಿ ಹೊಸಪೇಟೆಯ ಅಣೆಕಟ್ಟಿನಿಂದ ಕಾಲುವೆಗೆ ನೀರು ಹರಿದ ಮೇಲೆ ಕರಾವಳಿ ಆಂಧ್ರದ ರೈತರು ಇಲ್ಲಿ ಜಮೀನು ಕೊಂಡು, ಹೊಲಗಳ ನಡುವೆಯೇ ನೆಲೆಸಿ ಭತ್ತ ಬೆಳೆದರು. ಅವರ ಬಿಡಾರಗಳು ಕ್ಯಾಂಪುಗಳಾದವು. ಗುಡಿಸಲು ಹೋಗಿ ಮನೆ, ಗುಡಿ, ಶಾಲೆ, ರೈಸ್‌ಮಿಲ್ಲು ಬಂದರೂ ಹೆಸರು ಬದಲಾಗಲಿಲ್ಲ. ಅದು ಬರೀ ಹಳೆಯ ಹೆಸರಿನ ಪಳೆಯುಳಿಕೆ, ಹೊಸ ಅರ್ಥವಲ್ಲ ಎನ್ನಬಹುದು. ಆದರೆ ‘ಕ್ಯಾಂಪಿನವರು’ ಎಂದರೆ ಇಲ್ಲಿ ಗುಡಾರದಲ್ಲಿರುವವರಲ್ಲ, ಮೂಲ ಊರಿನವರಿಂದ ಬೇರೆಯಾದ ವಲಸೆ ಕೃಷಿಕರು. ಕನ್ನಡದ ಪ್ರತ್ಯಯ ಹತ್ತಿ, ಒಂದು ಸಾಮಾಜಿಕ ಗುರುತನ್ನೇ ಹೊತ್ತ ಪದವನ್ನು ಪಳೆಯುಳಿಕೆ ಎನ್ನಲಾಗದು. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರ ಸಿಂಧನೂರಿನ ಆರ್.ಎಚ್. (ಪುನರ್ವಸತಿ) ಕ್ಯಾಂಪುಗಳೂ ಹೀಗೆಯೇ ಊರುಗಳಾದವು.

ಶಿಬಿರ ಎಂಬ ಮಾತಿರುವಾಗ ಎರವಲು ಏಕೆ ಎಂಬ ಆಕ್ಷೇಪವೂ ಉಂಟು. ಬಳಕೆಯೇ ಇವೆರಡಕ್ಕೆ ಕೆಲಸ ಹಂಚಿದೆ: ರಕ್ತದಾನಕ್ಕೆ, ನೇತ್ರ ತಪಾಸಣೆಗೆ ಶಿಬಿರ, ಬಾಳಿ ಬದುಕುವುದಕ್ಕೆ ಕ್ಯಾಂಪು. ಬಿಡಾರ ಊರಾಗುವುದು ಕನ್ನಡಕ್ಕೆ ಹೊಸತೂ ಅಲ್ಲ. ದಂಡು ತಂಗುವ ಪಾಳೆಯ ಬೆಂಗಳೂರಿನಲ್ಲಿ ಪಾಳ್ಯವಾಯಿತು. ತಂಗುವ ತಾಣವಾದ ಬೀಡು ರಾಜಧಾನಿಯ ‘ನೆಲೆವೀಡು’ ಆಯಿತು, ಹಳೇಬೀಡಿನ ಹೆಸರಲ್ಲಿ ಉಳಿಯಿತು. ಕ್ಯಾಂಪ್ ತುಳಿದದ್ದೂ ಈ ಹಳೆಯ ಜಾಡನ್ನೇ. ಬಯಲಿನಿಂದ ಹೊರಟ ಪದ ಗದ್ದೆಬಯಲಿಗೆ ಬಂದು ಸೇರಿದ್ದು ಆಕಸ್ಮಿಕ. ಇಲ್ಲಿ ಊರಾಗಿ ನಿಂತದ್ದು ಕನ್ನಡದ ರೂಢಿ. ಆದ್ದರಿಂದ ನಿಘಂಟು ಈ ಅರ್ಥವನ್ನು ಇಂಗ್ಲಿಷಿನ ಅಪಭ್ರಂಶವೆಂದಲ್ಲ, ಕನ್ನಡದ್ದೆಂದೇ ದಾಖಲಿಸಬೇಕು.