ಮೊದಲ ತುತ್ತಿನ ವಿವೇಕ

ಶ್ರಾವಕನ ಬಾಳನ್ನು ರೂಪಿಸುವ ಕ್ರಿಯೆಗಳಲ್ಲಿ ಅನ್ನಪ್ರಾಶನವು ನೋಡಲು ಚಿಕ್ಕದು. ಬೆಳ್ಳಿಯ ಬಟ್ಟಲಲ್ಲಿ ಒಂದಿಷ್ಟು ಪಾಯಸ, ಹಿರಿಯರ ತೊಡೆಯ ಮೇಲೆ ಕುಳಿತ ಮಗು, ಸುತ್ತ ನೆರೆದ ಬಂಧುಗಳು; ಸ್ವಲ್ಪ ಹೊತ್ತಿನಲ್ಲಿಯೇ ಸಮಾರಂಭ ಮುಗಿಯುತ್ತದೆ. ಆದರೆ ಅಂದಿನವರೆಗೆ ತಾಯಿಯ ಹಾಲೊಂದರಿಂದಲೇ ಬೆಳೆದ ಜೀವವು ಅಂದು ಮೊದಲ ಬಾರಿಗೆ ನೆಲದ ಬೆಳೆಗೂ ಹೊರಗಿನ ನೀರಿಗೂ ಬಾಯಿ ತೆರೆಯುತ್ತದೆ. ಮಗುವಿಗೆ ಏನನ್ನು, ಯಾವಾಗ, ಹೇಗೆ ಉಣಿಸಬೇಕೆಂಬ ವಿಷಯದಲ್ಲಿ ಜೈನ ಪರಂಪರೆ ಸಾವಿರ ವರ್ಷಗಳಿಗೂ ಹಿಂದೆ ನೀಡಿದ ತಿಳಿವಳಿಕೆ ಇಂದಿಗೂ ವಿಚಾರಾರ್ಹವಾಗಿದೆ.

ಈ ವಿಚಾರಕ್ಕೆ ಉರಿಗಾಂ ಸೀಮೆ ತಕ್ಕ ನೆಲೆ. ಅದಕ್ಕೆ ಸಮೀಪದ ಕೋಲಾರವೇ ಪ್ರಾಚೀನ ಕುವಲಾಲಪುರ. ತಲಕಾಡಿಗೆ ಮೊದಲು ಗಂಗರ ರಾಜಧಾನಿ. ಆ ವಂಶದ ಸ್ಥಾಪನೆಗೆ ಸಿಂಹನಂದಿ ಆಚಾರ್ಯರ ಅನುಗ್ರಹವೇ ಕಾರಣವೆಂದು ಶಾಸನಗಳು ಸ್ಮರಿಸುತ್ತವೆ. ಅನೇಕ ಶತಮಾನಗಳ ಅನಂತರ, 1880ರಲ್ಲಿ ಜಾನ್ ಟೇಲರ್ ಕಂಪನಿ ಗಣಿಗಾರಿಕೆಗೆ ಕೈಹಾಕಿದ ಮೇಲೆ ಇದೇ ನೆಲಕ್ಕೆ ತಮಿಳು, ತೆಲುಗು ನಾಡುಗಳ ಕಾರ್ಮಿಕರು ಬಂದರು. ಗಣಿಯನ್ನು ಆಶ್ರಯಿಸಿ ಬೆಳೆದ ಪೇಟೆಗೆ ಮಾರವಾಡದ ವರ್ತಕ ಕುಟುಂಬಗಳೂ ಬಂದವು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರ ಹರಿದು ವಿದ್ಯುತ್ತು ಬಂದಿತು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚುವ ವೇಳೆಗೆ ಸುಮಾರು 800 ಟನ್ ಚಿನ್ನ ಹೊರಬಂದಿತ್ತು. ಈ ಎಲ್ಲ ಕಾಲದಲ್ಲಿಯೂ ಸುತ್ತಲಿನ ಬಂಗಾರಪೇಟೆ ಸೀಮೆಯ ಹೊಲಗಳು ಬೆಳೆದುಕೊಟ್ಟದ್ದು ರಾಗಿಯನ್ನು. ಎಳೆಯ ಮಕ್ಕಳ ಬಟ್ಟಲಿಗೆ ಬಂದದ್ದೂ ಅದೇ.

ಅನ್ನಪ್ರಾಶನವನ್ನು ಜೈನ ಗೃಹಸ್ಥರ ಕ್ರಿಯೆಯಾಗಿ ಕ್ರಮಬದ್ಧವಾಗಿ ನಿರೂಪಿಸಿದವರಲ್ಲಿ ಒಂಬತ್ತನೆಯ ಶತಮಾನದ ಜಿನಸೇನಾಚಾರ್ಯರು ಪ್ರಮುಖರು. ರಾಷ್ಟ್ರಕೂಟ ಅಮೋಘವರ್ಷನು ಗುರುವೆಂದು ಗೌರವಿಸಿದ ಈ ಮಹನೀಯರು ತಮ್ಮ ಸಂಸ್ಕೃತ ಆದಿಪುರಾಣದ 38ನೆಯ ಪರ್ವದಲ್ಲಿ ಗರ್ಭಾನ್ವಯ ಕ್ರಿಯೆಗಳು 53 ಎಂದು ಎಣಿಸಿದ್ದಾರೆ. ಮಗುವನ್ನು ಮೊದಲ ಬಾರಿ ಹೊರಗೆ ಕರೆತರುವ ಬಹಿರ್ಯಾನ ಎಂಟನೆಯದು; ಮಂಗಳಾಸನದ ಮೇಲೆ ಕುಳ್ಳಿರಿಸುವ ನಿಷದ್ಯೆ ಒಂಬತ್ತನೆಯದು; ಅನ್ನಪ್ರಾಶನ ಹತ್ತನೆಯದು. ಜನನದಿಂದ ಏಳೆಂಟು ತಿಂಗಳಾದಾಗ ಜಿನಪೂಜಾಪೂರ್ವಕವಾಗಿ ಇದನ್ನು ನೆರವೇರಿಸಬೇಕು ಎಂಬುದು ಅಲ್ಲಿನ ವಿಧಿಗೆ ಬಂದಿರುವ ಅರ್ಥ.

ಈ ಕ್ರಮದಲ್ಲಿ ಗಮನಿಸತಕ್ಕ ಅಂಶವೊಂದಿದೆ. ಮಗು ಮೊದಲು ಕೂರಬೇಕು, ಆಮೇಲೆ ಉಣ್ಣಬೇಕು. ಇಂದಿನ ಶಿಶುವೈದ್ಯರು ಹೇಳುವುದೂ ಇದನ್ನೇ. ಕತ್ತು ನಿಲ್ಲದ, ಆಸರೆಯಿಂದಲಾದರೂ ಕೂರಲಾರದ ಮಗುವಿಗೆ ಗಟ್ಟಿ ಆಹಾರ ಕೊಟ್ಟರೆ ಅದು ಗಂಟಲಲ್ಲಿ ಸಿಕ್ಕಿಕೊಳ್ಳುವ ಭಯವಿದೆ. ಆರು ತಿಂಗಳು ತುಂಬುವವರೆಗೆ ತಾಯಿಯ ಹಾಲು ಮಾತ್ರ, ಆಮೇಲೆ ಹಾಲಿನೊಡನೆ ಮೇಲಾಹಾರ ಎಂದು ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಸಾರಿತು. ಹುಟ್ಟುವಾಗ ಶಿಶುವಿನ ದೇಹದಲ್ಲಿದ್ದ ಕಬ್ಬಿಣದ ಸಂಗ್ರಹ ಆ ಹೊತ್ತಿಗೆ ಕರಗುತ್ತ ಬರುತ್ತದೆ. ಹಾಲೊಂದೇ ಅದನ್ನು ತುಂಬಲಾರದು. ಆದುದರಿಂದ ಏಳನೆಯ ತಿಂಗಳಿನಲ್ಲಿಯೇ ಕ್ರಿಯೆಯನ್ನು ಮಾಡುವುದು ಲೇಸು. ಮುಹೂರ್ತಕ್ಕಾಗಿಯೋ ದೂರದ ಬಂಧುಗಳಿಗಾಗಿಯೋ ಸಮಾರಂಭ ಮುಂದೆ ಹೋದರೂ ಮಗುವಿನ ಊಟ ಮುಂದೆ ಹೋಗಬಾರದು.

ಏನನ್ನು ಉಣಿಸಬೇಕೆಂಬುದು ಎರಡನೆಯ ಪ್ರಶ್ನೆ. ಆಶ್ವಲಾಯನ ಗೃಹ್ಯಸೂತ್ರವು ಆರನೆಯ ತಿಂಗಳಿಗೆ ಮೊಸರು, ಜೇನು, ತುಪ್ಪ ಬೆರೆಸಿದ ಅನ್ನವನ್ನು ಹೇಳುತ್ತದೆ. ಕಾಮ್ಯಫಲಗಳಿಗಾಗಿ ಮಾಂಸವನ್ನೂ ಹೇಳುತ್ತದೆ. ಜೈನ ಶ್ರಾವಕಾಚಾರದಲ್ಲಿ ಮದ್ಯ, ಮಾಂಸ, ಮಧು ಮೂರೂ ತ್ಯಾಜ್ಯ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಈ ತ್ಯಾಗವನ್ನು ಐದು ಅಣುವ್ರತಗಳೊಡನೆ ಸೇರಿಸಿ ಅಷ್ಟಮೂಲಗುಣಗಳೆಂದು ಕರೆದಿದೆ. ಜೇನಿನ ತ್ಯಾಗಕ್ಕೆ ಕಾರಣ ಜೀವದಯೆ. ವೈದ್ಯಶಾಸ್ತ್ರ ಬೇರೆ ದಾರಿಯಿಂದ ಅದೇ ನಿಲುವಿಗೆ ಬಂದಿದೆ. ಜೇನಿನಲ್ಲಿ ಕೆಲವೊಮ್ಮೆ ಅಡಗಿರುವ ಬಾಟ್ಯುಲಿನಂ ಎಂಬ ರೋಗಾಣುವಿನ ಬೀಜಾಣುಗಳು ದೊಡ್ಡವರಿಗೆ ಸಾಮಾನ್ಯವಾಗಿ ಬಾಧಕವಲ್ಲ. ಆದರೆ ಎಳೆಗೂಸಿನ ಕರುಳಿನಲ್ಲಿ ಬೆಳೆದು ವಿಷವನ್ನು ಉಂಟುಮಾಡಿ ಸ್ನಾಯುಗಳನ್ನು ನಿಶ್ಚೇಷ್ಟಗೊಳಿಸಬಲ್ಲವು. ಶಿಶುಗಳ ಈ ರೋಗವನ್ನು ಗುರುತಿಸಿದ್ದು 1976ರಲ್ಲಿ. ವರ್ಷ ತುಂಬದ ಮಗುವಿಗೆ ಜೇನು ನೆಕ್ಕಿಸಲೇಬಾರದೆಂಬುದು ಇಂದು ವೈದ್ಯರ ಸ್ಪಷ್ಟ ಮಾತು. ನೆರೆಹೊರೆಯ ಪದ್ಧತಿಯನ್ನು ನೋಡಿ ನಾಲಗೆಗೆ ಜೇನು ಸವರುವ ಶ್ರಾವಕ ಕುಟುಂಬಗಳು ಇದನ್ನು ನೆನಪಿಡಬೇಕು.

ಆಹಾರದಷ್ಟೇ ಮುಖ್ಯವಾದುದು ನೀರು. ಗಣಿ ಬೆಳೆದಂತೆ ಇಲ್ಲಿಗೆ ಪಾಲಾರ್ ನದಿಯ ಬೇತಮಂಗಲ ಕೆರೆಯಿಂದ ನೀರನ್ನು ತರಬೇಕಾಯಿತು. ಮಳೆ ಕಡಿಮೆಯಾದ ಈ ಸೀಮೆಯಲ್ಲಿ ಶುದ್ಧವಾದ ನೀರು ಎಂದೂ ಸುಲಭದ ಸೊತ್ತಾಗಿರಲಿಲ್ಲ. ಮೇಲಾಹಾರ ಆರಂಭವಾದ ತಿಂಗಳುಗಳಲ್ಲಿಯೇ ಮಕ್ಕಳಿಗೆ ಭೇದಿ ಹೆಚ್ಚು. ಅದಕ್ಕೆ ಮುಖ್ಯ ಕಾರಣ ಕೆಟ್ಟ ನೀರು ಮತ್ತು ತೊಳೆಯದ ಕೈ. ಮಡಿಸಿದ ಬಟ್ಟೆಯಲ್ಲಿ ನೀರನ್ನು ಸೋಸುವುದು, ಕಾಯಿಸಿ ಪ್ರಾಸುಕ ಮಾಡುವುದು ಶ್ರಾವಕರ ಮನೆಯ ನಿತ್ಯಾಚಾರ. ಹಳೆಯ ಸೀರೆಯನ್ನು ನಾಲ್ಕು ಮಡಿಕೆಗೂ ಹೆಚ್ಚು ಮಡಿಸಿ ನೀರು ಸೋಸಿದ ಬಾಂಗ್ಲಾದೇಶದ ಹಳ್ಳಿಗಳಲ್ಲಿ ಕಾಲರಾ ಹೆಚ್ಚುಕಡಮೆ ಅರ್ಧಕ್ಕಿಳಿಯಿತೆಂದು 2003ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಆದರೂ ಸೋಸುವುದೊಂದರಿಂದ ಎಲ್ಲ ರೋಗಾಣುಗಳು ಹೋಗುವುದಿಲ್ಲ. ಮಗುವಿನ ನೀರನ್ನು ಸೋಸಿದ ಮೇಲೆ ಕುದಿಸಲೇಬೇಕು.

ಇನ್ನು ರಾಗಿಯ ಮಾತು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ. ಅಕ್ಕಿಯಲ್ಲಿರುವುದು ಅದರ ಸಣ್ಣ ಪಾಲು ಮಾತ್ರ. ಆದರೆ ಹಸಿ ಹಿಟ್ಟಿನಿಂದ ಬೇಯಿಸಿದ ಗಂಜಿ ಬೇಗ ಗಟ್ಟಿಯಾಗುತ್ತದೆ. ತಿಳಿ ಮಾಡಲು ನೀರು ಬೆರೆಸಿದರೆ ಪುಟ್ಟ ಹೊಟ್ಟೆ ನೀರಿನಿಂದಲೇ ತುಂಬುತ್ತದೆ; ಸಾರ ಸಾಲದಾಗುತ್ತದೆ. ರಾಗಿಯನ್ನು ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ ಹಿಟ್ಟು ಮಾಡಿದರೆ ಪಿಷ್ಟ ಒಡೆದು ಗಂಜಿ ತೆಳುವಾಗಿಯೇ ಉಳಿಯುತ್ತದೆ. ಅಷ್ಟೇ ಗಂಜಿಯಲ್ಲಿ ಹೆಚ್ಚು ಹಿಟ್ಟು ಹಿಡಿಯುತ್ತದೆ. ನಮ್ಮ ನಾಡಿನ ತಾಯಂದಿರು ರಾಗಿ ಸರಿ ಮಾಡುತ್ತ ಬಂದುದರ ಗುಟ್ಟು ಇದೇ. ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾಲಯದ ಮಲ್ಲೇಶಿ ಮತ್ತು ದೇಶಿಕಾಚಾರ್ ಅವರು ಮೊಳಕೆಯ ರಾಗಿ ಹಾಗೂ ಹೆಸರುಕಾಳಿನ ಶಿಶು ಆಹಾರವನ್ನು ರೂಪಿಸಿ 1982ರಲ್ಲಿ ಪ್ರಬಂಧ ಪ್ರಕಟಿಸಿದರು.

ಇಲ್ಲಿ ಶ್ರಾವಕರಿಗೆ ಒಂದು ಇಕ್ಕಟ್ಟು ಎದುರಾಗುತ್ತದೆ. ಮೊಳೆಯುವ ಧಾನ್ಯವು ಅನಂತ ಜೀವಗಳ ಆಶ್ರಯವೆಂದು ಭಾವಿಸಿ ಮೊಳಕೆಯನ್ನು ಬಿಟ್ಟ ಮನೆಗಳು ಹಲವು. ಅಂಥವರು ಮಗುವನ್ನು ಬರಿಯ ತಿಳಿಗಂಜಿಗೆ ಇಳಿಸಬೇಕಾಗಿಲ್ಲ. ರಾಗಿಯನ್ನು ಹುರಿದು ಅರಳಿಸಿ ಬೀಸಿದ ಹುರಿಹಿಟ್ಟು ಕರ್ನಾಟಕದ ಹಳೆಯ ಆಹಾರ. ಅದರ ಗಂಜಿಗೆ ನುಣ್ಣಗೆ ಬೇಯಿಸಿದ ಹೆಸರುಬೇಳೆ ಬೆರೆಸಿ ಒಂದು ಚಮಚ ತುಪ್ಪ ಹಾಕಿದರೆ ಸಾರವೂ ಬಂದಿತು, ನಿಯಮವೂ ಉಳಿಯಿತು. ಗಡ್ಡೆಗೆಣಸುಗಳ ಬದಲು ಕುಂಬಳ, ಬಾಳೆಹಣ್ಣು, ಸೊಪ್ಪು ಇವೆ.

ಎಲ್ಲ ಕಡೆಯೂ ಇಷ್ಟು ಸುಲಭವಾಗಿ ದಾರಿ ದೊರೆಯದು. ರಾತ್ರಿಭೋಜನ ತ್ಯಾಗದ ಮನೆಯಲ್ಲಿ ಸೂರ್ಯಾಸ್ತದ ಮೇಲೆ ಮಗು ಹಸಿದು ಅತ್ತರೆ ಏನು ಮಾಡಬೇಕು? ಪರ್ವದಿನಗಳಲ್ಲಿ ಉಪವಾಸ ಹಿಡಿದ ತಾಯಿಯ ಹಾಲು ಕುಗ್ಗಿದರೆ? ಉತ್ತರ ಆಗಮಪರಂಪರೆಯಲ್ಲಿಯೇ ಇದೆ. ಎಂಟು ವರ್ಷ ತುಂಬದ ಜೀವಕ್ಕೆ ಸಂಯಮಗ್ರಹಣವಿಲ್ಲವೆಂಬುದು ಕರ್ಮಸಿದ್ಧಾಂತದ ಮಾತು. ಜಿನಸೇನರೂ ಉಪನೀತಿಯನ್ನು ಎಂಟನೆಯ ವರ್ಷಕ್ಕೇ ಇರಿಸಿದ್ದಾರೆ. ತ್ಯಾಗವೂ ತಪಸ್ಸೂ ಶಕ್ತಿಗೆ ತಕ್ಕಂತಿರಬೇಕೆಂದು ತತ್ತ್ವಾರ್ಥಸೂತ್ರವು ಷೋಡಶ ಭಾವನೆಗಳ ನಡುವೆ ಹೇಳಿದೆ. ಅದೇ ಸೂತ್ರಗ್ರಂಥವು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಎಣಿಸುತ್ತದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ತನ್ನ ಆಶ್ರಯದಲ್ಲಿರುವ ಜೀವಿಗೆ ಹೊತ್ತಿಗೆ ಸರಿಯಾಗಿ ಅನ್ನಪಾನ ಕೊಡದಿರುವುದು ಅಹಿಂಸೆಗೇ ಕುಂದು. ದನಕರುಗಳ ವಿಷಯದಲ್ಲಿ ಸಲ್ಲುವ ಈ ಮಾತು ತೊಟ್ಟಿಲ ಕೂಸಿಗೆ ಸಲ್ಲದೇ? ಹಿರಿಯರು ತಾವಾಗಿ ಹೊತ್ತ ನಿಯಮದ ಭಾರವನ್ನು ತಿಳಿಯದ ಕೂಸಿನ ಮೇಲೆ ಹೇರುವುದು ವ್ರತಪಾಲನೆಯಾಗಲಾರದು.

ಶ್ವೇತಾಂಬರ ಪರಂಪರೆಯ ಹೇಮಚಂದ್ರಾಚಾರ್ಯರು ಹನ್ನೆರಡನೆಯ ಶತಮಾನದ ತಮ್ಮ ತ್ರಿಷಷ್ಟಿಶಲಾಕಾಪುರುಷಚರಿತದಲ್ಲಿ ಹೇಳಿರುವ ವೃತ್ತಾಂತವೊಂದು ಇಲ್ಲಿ ಸ್ಮರಣೀಯ. ಕಲ್ಪವೃಕ್ಷಗಳು ಕ್ಷೀಣಿಸಿದಾಗ ಜನ ಹಸಿ ಧಾನ್ಯವನ್ನು ತಿಂದು ಜೀರ್ಣಿಸಿಕೊಳ್ಳಲಾರದೆ ಋಷಭಸ್ವಾಮಿಯ ಬಳಿಗೆ ಬಂದರು. ಸ್ವಾಮಿಯು ಅವರಿಗೆ ಮೊದಲು ಹೊಟ್ಟು ತೆಗೆಯುವುದನ್ನು, ಆಮೇಲೆ ನೆನೆಸುವುದನ್ನು, ಬೆಂಕಿ ಕಾಣಿಸಿಕೊಂಡ ಮೇಲೆ ಮಣ್ಣಿನ ಪಾತ್ರೆಯಲ್ಲಿ ಬೇಯಿಸುವುದನ್ನು ಕಲಿಸಿದನು. ಮನುಕುಲಕ್ಕೇ ನಡೆದ ಅನ್ನಪ್ರಾಶನವಿದು. ಉಣ್ಣುವವರ ಜೀರ್ಣಶಕ್ತಿಯನ್ನು ನೋಡಿ ಹಂತಹಂತವಾಗಿ ಕಲಿಸಿದುದರಲ್ಲಿಯೇ ಆದಿಗುರುವಿನ ಕರುಣೆ ಕಾಣುತ್ತದೆ.

ಬಸದಿಗಳ ಆಡಳಿತ ಮಂಡಳಿಗಳು ಈ ಕ್ರಿಯೆಗೆ ಮತ್ತೆ ಅರ್ಥ ತುಂಬಬಲ್ಲವು. ಅನ್ನಪ್ರಾಶನಕ್ಕೆ ಬಂದ ತಾಯಂದಿರಿಗೆ ಪ್ರಸಾದದೊಡನೆ ಹುರಿಹಿಟ್ಟಿನ ಪೊಟ್ಟಣವನ್ನು ಕೊಡಬಹುದು. ವೈದ್ಯರೊಬ್ಬರಿಂದ ನಾಲ್ಕು ಮಾತು ಹೇಳಿಸಬಹುದು. 2018ರಲ್ಲಿ ಆರಂಭವಾದ ಪೋಷಣ ಅಭಿಯಾನದ ಅಂಗವಾಗಿ ಅಂಗನವಾಡಿಗಳಲ್ಲಿಯೂ ಅನ್ನಪ್ರಾಶನ ನಡೆಯತೊಡಗಿತು. ಗಣಿ ಮುಚ್ಚಿ ದುಡಿಮೆ ಕಳೆದುಕೊಂಡ ಉರಿಗಾಂನಂಥ ಊರುಗಳಲ್ಲಿ ಆ ಮಕ್ಕಳ ಬಟ್ಟಲಿಗೂ ಒಂದು ಪಾಲು ಸಲ್ಲಿಸುವುದು ಆಹಾರದಾನವೇ ಸರಿ. ಬೆಳ್ಳಿಯ ಬಟ್ಟಲಿರಲಿ, ಮಣ್ಣಿನದಿರಲಿ, ಹೊತ್ತಿಗೆ ಸರಿಯಾಗಿ, ಶುದ್ಧವಾಗಿ, ಸಾಕಷ್ಟು ಉಣಿಸಿದ ಮನೆಯಲ್ಲಿ ಅಹಿಂಸೆಯ ಮೊದಲ ಪಾಠ ಮಗುವಿಗೆ ತುತ್ತಿನೊಡನೆಯೇ ದೊರೆಯುತ್ತದೆ.